ಬಿಸಿಲಿಗೆ ಹಿಡಿದು ನೋಡಿ ತಗೊಂಡ ಕ್ಯಾಮೆರಾ

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಕ್ಯಾಲೆಂಡರ್, ಜಾತ್ರೆ ಹ್ಯಾಂಡ್‌ಬಿಲ್, ಶ್ರದ್ಧಾಂಜಲಿ ಕಾರ್ಡು. ದಿನವೆಲ್ಲ ಬೇರೆಯವರು ತೆಗೆದ ಫೋಟೊಗಳನ್ನು ತಿದ್ದೋದೇ ಕೆಲಸ. ಹಾಗಾಗಿ ನಾನೇ ಒಂದು ಕ್ಯಾಮೆರಾ ತಗೋತೀನಿ ಅಂದಾಗ ಪ್ರೆಸ್ಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಮೆಗಾಪಿಕ್ಸೆಲ್ ನೋಡಾಕತ್ತೀರಿ?"

ಮೆಗಾಪಿಕ್ಸೆಲ್ ವಿಷಯದಲ್ಲಿ ನನಗೆ ತಲೆಬಿಸಿ ಇರಲಿಲ್ಲ. ನಮ್ಮ ಲೆಕ್ಕ ಸರಳ. ಹತ್ತು ಲಕ್ಷ ಚುಕ್ಕೆ (ಪಿಕ್ಸೆಲ್) ಸೇರಿದರೆ ಒಂದು ಮೆಗಾಪಿಕ್ಸೆಲ್. ಒಳ್ಳೆ ಪ್ರಿಂಟಿಗೆ ಇಂಚಿಗೆ 300 ಚುಕ್ಕೆ ಬೇಕು. ಆಲ್ಬಮ್‌ಗೆ ಹಾಕುವ 4×6 ಇಂಚಿನ ಫೋಟೊಗೆ 1200×1800 ಪಿಕ್ಸೆಲ್, ಅಂದರೆ 2 ಮೆಗಾಪಿಕ್ಸೆಲ್ ಚಿಲ್ಲರೆ. ಎ4 ಹಾಳೆ ತುಂಬಾ ಹಾಕಿದರೂ 9 ದಾಟಲ್ಲ. 16 ಮೆಗಾಪಿಕ್ಸೆಲ್ ಇದ್ದರೆ ಹತ್ತಿರಹತ್ತಿರ ಎ3 ಸೈಜಿಗೆ ಸಾಕು. ಮನೆಗೆ ಅದಕ್ಕಿಂತ ದೊಡ್ಡ ಪ್ರಿಂಟು ಯಾರು ಹಾಕಿಸುತ್ತಾರೆ? ನಮ್ಮಲ್ಲಿ ಬರುವ ಫೋಟೊ ಕೆಡೋದು ಬಹಳ ಸಲ ಬೇರೆ ಕಾರಣಕ್ಕೆ. ಕೈ ಅಲುಗಾಡಿರುತ್ತದೆ, ಇಲ್ಲವೇ ಮುಖ ಕತ್ತಲಾಗಿರುತ್ತದೆ. ಅದೂ ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಕಳಿಸಿ ಸೈಜು ಇಳಿಸಿರುತ್ತಾರೆ.

ನನಗೆ ಕ್ಯಾಮೆರಾ ಬೇಕಾಗಿದ್ದು ಮಾಗಡಿ ಕೆರೆಗೆ. ಶಿರಹಟ್ಟಿ ತಾಲೂಕಿನದು, ಗದಗಿನಿಂದ ಸುಮಾರು 26 ಕಿಲೋಮೀಟರ್. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಹಕ್ಕಿಗಳು ಹೊಲದಲ್ಲಿ ಮೇಯ್ದು ಬಂದು ಕೆರೆಯ ನಡುವೆ ಕೂರುತ್ತವೆ. ದಡದಿಂದ ಮೊಬೈಲಲ್ಲಿ ತೆಗೆದರೆ ನೀರು ಬರುತ್ತದೆ, ಆಕಾಶ ಬರುತ್ತದೆ, ಮಧ್ಯೆ ಎಳ್ಳು ಚೆಲ್ಲಿದ ಹಾಗೆ ಏನೋ ಬರುತ್ತದೆ. ಬೆರಳಲ್ಲಿ ಹಿಗ್ಗಿಸಿದರೆ ಎಳ್ಳು ದೊಡ್ಡದಾಗುತ್ತದೆ, ಅಷ್ಟೇ. ಡಿಜಿಟಲ್ ಜೂಮ್ ಅಂದರೆ ಫೋಟೊಶಾಪಿನಲ್ಲಿ ಕ್ರಾಪ್ ಮಾಡಿ ಎಳೆದ ಹಾಗೇ. ಲೆನ್ಸೇ ಒಳಗೆ ಹೊರಗೆ ಸರಿದು ಹತ್ತಿರ ತರುವುದು ಆಪ್ಟಿಕಲ್ ಜೂಮ್. ಡಬ್ಬಿ ಮೇಲೆ ಅದೊಂದು ಅಂಕಿ ನೋಡಿದರೆ ಸಾಕು.

ಆ ಅಂಕಿಯನ್ನೂ ಸ್ವಲ್ಪ ಹುಷಾರಾಗಿ ಓದಬೇಕು. ಹುಬ್ಬಳ್ಳಿಯ ಅಂಗಡಿಯಲ್ಲಿ ಹುಡುಗ ಮೊದಲು ತೆಗೆದಿಟ್ಟಿದ್ದು ಒಂದು ಡಿಎಸ್ಎಲ್ಆರ್, ಅಂದರೆ ಲೆನ್ಸು ಬದಲಿಸಬಹುದಾದ ಕ್ಯಾಮೆರಾ. ಜೊತೆಗೆ 18-55 ಮಿಲಿಮೀಟರ್ ಲೆನ್ಸು, ಬ್ಯಾಗು, ಒಂದು ತೆಳ್ಳನೆ ಟ್ರೈಪಾಡು. "ಅಕ್ಕಾರ, ಇಪ್ಪತ್ನಾಕು ಮೆಗಾಪಿಕ್ಸೆಲ್ ಐತ್ರಿ, ಎಲ್ಲಾರೂ ಇದನ್ನ ಒಯ್ತಾರ." 55ನ್ನು 18ರಿಂದ ಭಾಗಿಸಿದರೆ ಮೂರು ಪಟ್ಟು ಜೂಮ್, ಅಷ್ಟೇ. ಮನೆಯವರ ಫೋಟೊಗೆ ಅದು ಚೆನ್ನಾಗೇ ಇದೆ. ಹೆಬ್ಬಾತಿಗೆ ಇನ್ನೊಂದು ಉದ್ದನೆ ಲೆನ್ಸ್ ಬೇಕು, ಅದರ ರೇಟು ಕೇಳಿ ಸುಮ್ಮನಾದೆ.

ಆಮೇಲೆ ಎರಡು ತರ ಜೂಮ್ ಕ್ಯಾಮೆರಾ ತೋರಿಸಿದ. ಒಂದು ಕಿಸೆಗೆ ಹೋಗುವಂಥದ್ದು, 40 ಪಟ್ಟು ಜೂಮ್. ಹಗುರ, ನೋಡಲು ಚೆಂದ. ಇನ್ನೊಂದು ನಿಕಾನ್ ಕೂಲ್‌ಪಿಕ್ಸ್ ಪಿ950. 83 ಪಟ್ಟು ಜೂಮ್, ತೂಕ ಹೆಚ್ಚುಕಮ್ಮಿ ಒಂದು ಕೆಜಿ. ಅಂಗಡಿ ಒಳಗೆ ಎಸಿ ತಂಪಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ. ಚಿಕ್ಕದೇ ಸುಲಭ ಅನಿಸುತ್ತಿತ್ತು.

"ಸ್ವಲ್ಪ ಹೊರಗ ಒಯ್ದು ನೋಡ್ತೀನಿ" ಅಂದೆ. ಹುಡುಗನಿಗೆ ಇಷ್ಟ ಆಗಲಿಲ್ಲ. ಆದರೂ ಬೆಲ್ಟು ನನ್ನ ಕೊರಳಿಗೆ ಹಾಕಿ ತಾನೂ ಹಿಂದೆಯೇ ಬಂದ.

ಮಧ್ಯಾಹ್ನದ ಬಿಸಿಲು. ಕೊಪ್ಪೀಕರ್ ರಸ್ತೆಯ ಫುಟ್‌ಪಾತ್. ಚಿಕ್ಕ ಕ್ಯಾಮೆರಾ ಎತ್ತಿ ಹಿಡಿದರೆ ಸ್ಕ್ರೀನಿನಲ್ಲಿ ಕಂಡಿದ್ದು ನನ್ನದೇ ಮುಖ, ಅದರ ಹಿಂದೆ ಅಂಗಡಿ ಬೋರ್ಡು. ಎದುರಿನ ಕಟ್ಟಡ ಎಲ್ಲೋ ಕಪ್ಪಗೆ ಅಲುಗಾಡುತ್ತಿತ್ತು. ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಅಷ್ಟೇ. ಅಂಗೈ ಅಡ್ಡ ಹಿಡಿದರೆ ಕ್ಯಾಮೆರಾ ಒಂದೇ ಕೈಯಲ್ಲಿ, ಅದು ನಡುಗುತ್ತದೆ. ಈಗ ದೊಡ್ಡದನ್ನು ಎತ್ತಿ ಹಿಂದಿನ ಕಿಂಡಿಗೆ ಕಣ್ಣಿಟ್ಟೆ. ವ್ಯೂಫೈಂಡರ್ ಅನ್ನುತ್ತಾರಲ್ಲ, ಅದು. ಒಳಗೆ ಕತ್ತಲು, ಆ ಕತ್ತಲಲ್ಲಿ ಚಿತ್ರ ನಿಚ್ಚಳ. ಜೊತೆಗೆ ಕ್ಯಾಮೆರಾ ಹುಬ್ಬಿಗೆ ಆನಿಕೊಂಡು ಮೊಣಕೈಗಳು ಪಕ್ಕೆಗೆ ಬಂದವು. ಕೈ ನಡುಕ ಅರ್ಧ ಅಲ್ಲಿಯೇ ಕಡಿಮೆ ಆಯಿತು.

ನನ್ನ ಪ್ರಕಾರ ನಮ್ಮ ಬಯಲುಸೀಮೆಯಲ್ಲಿ ಹೊಸಬರು ಮೊದಲು ನೋಡಬೇಕಾದ್ದು ಈ ಕಿಂಡಿ. ಯಾವ ಜಾಹೀರಾತಿನಲ್ಲೂ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಲ್ಲ. "ಬಳಸಲು ಸುಲಭ" ಅಂತ ಬರೆದಿರುವ ಎಷ್ಟೋ ಪುಟ್ಟ ಕ್ಯಾಮೆರಾಗಳಲ್ಲಿ ಇದು ಇರುವುದೇ ಇಲ್ಲ. ಏನು ತೆಗೀತಿದ್ದೀವಿ ಅಂತ ಕಾಣದಿದ್ದರೆ ಸುಲಭ ಯಾವುದು ಹೇಳಿ?

ನನಗೆ ಕನ್ನಡಕ ಇದೆ. ಕಿಂಡಿಗೆ ಕಣ್ಣಿಟ್ಟರೆ ಕನ್ನಡಕ ತಾಗುತ್ತದೆ, ಮೂಲೆಗಳು ಕಾಣಲ್ಲ. ಕನ್ನಡಕ ತೆಗೆದರೆ ಎಲ್ಲ ಮಸುಕು. ಹುಡುಗ ಕಿಂಡಿಯ ಪಕ್ಕ ಉಗುರಿನಷ್ಟು ಸಣ್ಣ ಚಕ್ರ ತೋರಿಸಿದ. ಅದನ್ನು ತಿರುಗಿಸುತ್ತಾ ಹೋದರೆ ಒಳಗಿನ ಅಕ್ಷರಗಳು ಮಸುಕಾಗಿ, ಒಂದು ಕಡೆ ಬಂದು ಚೂಪಾಗಿ ನಿಲ್ಲುತ್ತವೆ. ನಮ್ಮ ಕಣ್ಣಿನ ನಂಬರಿಗೆ ಅದು ಹೊಂದಿಕೊಂಡಿತು ಅಂತ ಅರ್ಥ. ಡಯಾಪ್ಟರ್ ಅಂತ ಅದರ ಹೆಸರು. ತೀರಾ ಜಾಸ್ತಿ ನಂಬರ್ ಇದ್ದವರಿಗೆ ಇದು ಸಾಲದೇ ಹೋಗಬಹುದು. ಹಾಗಾಗಿ ದುಡ್ಡು ಕೊಡೋ ಮೊದಲೇ ತಿರುಗಿಸಿ ನೋಡಿಬಿಡಿ. ಹುಡುಗ ಆ ಹೊತ್ತಿಗೆ ನನ್ನ ಮೇಲೆ ಸಿಟ್ಟು ಬಿಟ್ಟಿದ್ದ.

ಮೆನು ಭಾಷೆಯನ್ನೂ ನೋಡಿದೆ. ಹಿಂದಿ, ಮರಾಠಿ, ತಮಿಳು, ತೆಲುಗು, ಬಂಗಾಳಿ ಎಲ್ಲ ಇದೆ, ಕನ್ನಡ ಮಾತ್ರ ಇಲ್ಲ. ಬೇಜಾರಾಯಿತು, ಆದರೆ ಅದಕ್ಕೆ ಹುಬ್ಬಳ್ಳಿಯ ಹುಡುಗ ಏನು ಮಾಡ್ತಾನೆ?

ಪಿ950 ತಗೊಂಡೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಲೆನ್ಸಿನ ಎಡಬದಿಯ ಒಂದು ಗುಂಡಿ. ಪೂರ್ತಿ ಜೂಮ್ ಮಾಡಿದಾಗ ಕಾಣುವ ಜಾಗ ಎಷ್ಟು ಕಿರಿದು ಅಂದರೆ, ಹೆಬ್ಬಾತು ಸ್ವಲ್ಪ ಸರಿದರೂ ಮಾಯ. ಆಮೇಲೆ ನೀರಲ್ಲಿ ಅದನ್ನು ಹುಡುಕುತ್ತಾ ಕೂರಬೇಕು. ಆ ಗುಂಡಿ ಒತ್ತಿ ಹಿಡಿದರೆ ಜೂಮ್ ಹಿಂದೆ ಬಂದು ಸುತ್ತಲಿನ ಜಾಗ ಕಾಣುತ್ತದೆ, ಮೊದಲಿನ ಜಾಗಕ್ಕೆ ಒಂದು ಚೌಕಟ್ಟು ಬೀಳುತ್ತದೆ. ಹಕ್ಕಿಯನ್ನು ಚೌಕಟ್ಟಿಗೆ ತಂದು ಬೆರಳು ಬಿಟ್ಟರೆ ಮತ್ತೆ ಹತ್ತಿರ. ಇಂಥ ಅನುಕೂಲ ಬೇರೆ ಕಂಪನಿಯ ಉದ್ದ ಜೂಮ್ ಕ್ಯಾಮೆರಾಗಳಲ್ಲೂ ಇದೆ. ಕೇಳಿ, ಒತ್ತಿ ನೋಡಿ. ಡಯಲ್ ಮೇಲೆ ಹಕ್ಕಿಗೊಂದು, ಚಂದ್ರನಿಗೊಂದು ಗುರುತು ಇವೆ. ಚಂದ್ರನ ಫೋಟೊ ಎಲ್ಲರೂ ಒಂದು ಸಲ ತೆಗೆಯುತ್ತಾರೆ, ನಾನೂ ತೆಗೆದೆ, ಮನೆಮಂದಿಗೆಲ್ಲ ತೋರಿಸಿದೆ.

ಎರಡು ವಿಷಯ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಜೂಮ್ ಎಷ್ಟೇ ಇದ್ದರೂ ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿಯೇ ಕುಣಿಯುತ್ತದೆ, ದೂರದ ಹಕ್ಕಿ ಕಲೆಸಿದ ಹಾಗೆ ಬರುತ್ತದೆ. ಕ್ಯಾಮೆರಾದ ತಪ್ಪಲ್ಲ ಅದು. ಬೆಳಗಿನ ಹೊತ್ತೇ ಹೋಗಬೇಕು. ಇನ್ನೊಂದು, ಇಷ್ಟು ಜೂಮ್ ಇಷ್ಟು ಸಣ್ಣ ಡಬ್ಬಿಯಲ್ಲಿ ಹಿಡಿಯೋದು ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಚಿಪ್, ಚಿಕ್ಕದಿರುವುದರಿಂದ. ಸುಮಾರು 6 ಮಿಲಿಮೀಟರ್ ಅಗಲ ಅಷ್ಟೇ. ಡಿಎಸ್ಎಲ್ಆರ್‌ನದು 22 ಮಿಲಿಮೀಟರ್ ದಾಟುತ್ತದೆ, ವಿಸ್ತೀರ್ಣ ನೋಡಿದರೆ ಹತ್ತು ಪಟ್ಟಿಗೂ ಜಾಸ್ತಿ. ಬೆಳಕು ಕಮ್ಮಿ ಇರುವ ಕಡೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ತ್ರಿಕೂಟೇಶ್ವರ ಗುಡಿ ಒಳಗೆ ತೆಗೆದ ಫೋಟೊಗಳಲ್ಲಿ ನೆರಳೆಲ್ಲ ಮರಳು ಉದುರಿದ ಹಾಗಿದೆ.

ಕಲಿಯಲೇಬೇಕಾದ ಸೆಟ್ಟಿಂಗ್ ಒಂದೇ ಅಂದರೆ, ಫೋಟೊದ ಬೆಳಕು ಏರಿಸಿ ಇಳಿಸುವ ಪ್ಲಸ್-ಮೈನಸ್ ಗುರುತಿನ ಗುಂಡಿ. ಡಯಲನ್ನು 'ಪಿ' ಮೇಲಿಟ್ಟು ಅದನ್ನು ಬಳಸಬೇಕು. ಕ್ಯಾಮೆರಾ ತನ್ನ ಎದುರು ಇರುವುದೆಲ್ಲ ನಡುಮಟ್ಟದ ಬೂದು ಬಣ್ಣ ಅಂದುಕೊಂಡು ಬೆಳಕು ಅಳೆಯುತ್ತದೆ. ಹಾಗಾಗಿ ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಕಪ್ಪು ಕಲ್ಲಿನ ಬಾಗಿಲು ತುಂಬಾ ಹಿಡಿದರೆ ಕಲ್ಲು ಬೆಳ್ಳಗಾಗಿಬಿಡುತ್ತದೆ. ಮೈನಸ್ ಕಡೆ ಎರಡು ಹೆಜ್ಜೆ ಒತ್ತಿದರೆ ಕೆತ್ತನೆಯ ಗೆರೆಗಳು ಮತ್ತೆ ಮೂಡುತ್ತವೆ. ಬಿಳಿ ಧೋತರ, ಬಿಳಿ ಟೋಪಿ ಹಾಕಿದ ಅಜ್ಜನ ಫೋಟೊಗೆ ಉಲ್ಟಾ, ಪ್ಲಸ್. ನಮ್ಮಲ್ಲಿಗೆ ಬರುವ ಶ್ರದ್ಧಾಂಜಲಿ ಫೋಟೊಗಳಲ್ಲಿ ಧೋತರ ಯಾಕೆ ಯಾವಾಗಲೂ ಮಾಸಿದ ಹಾಗಿರುತ್ತದೆ ಅಂತ ನನಗೆ ಈಗ ಗೊತ್ತಾಗುತ್ತಿದೆ.

ಮೆಮೊರಿ ಕಾರ್ಡು, ಬಿಲ್ಲು, ವಾರಂಟಿ ಎಲ್ಲರಿಗೂ ಗೊತ್ತಿರುವುದೇ. ಬಿಲ್ಲಿಲ್ಲದೆ ಕಮ್ಮಿಗೆ ಕೊಡ್ತೀವಿ ಅಂದರೆ ಬೇಡ. ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ. ಕಿಂಡಿಯಲ್ಲಿ ನೋಡುತ್ತಾ ಕಾಯುವುದರಲ್ಲೇ ಅರ್ಧ ಚಾರ್ಜು ಹೋಗುತ್ತದೆ.

ಈಗ ನಮ್ಮ ಬೈಂಡಿಂಗ್ ವಿಭಾಗದ ಅಣ್ಣ ಮಗಳಿಗೆ ಕ್ಯಾಮೆರಾ ಕೊಡಿಸಬೇಕು ಅಂತ ನನ್ನ ಬೆನ್ನು ಬಿದ್ದಿದ್ದಾರೆ. ಆಕೆಗೆ ಹಕ್ಕಿ ಗಿಕ್ಕಿ ಬೇಡ. ಕಾಲೇಜಿನ ಗ್ಯಾದರಿಂಗು, ನಾಟಕ, ಸಂಜೆಯ ಸ್ಟೇಜು. ಅದಕ್ಕೆ ನನ್ನ ಕ್ಯಾಮೆರಾ ಹೊಂದಲ್ಲ, ದೊಡ್ಡ ಸೆನ್ಸರೇ ಬೇಕು ಅಂದೆ. ಕೆನಾನ್ ಆರ್50 ನೋಡಿ ಅಂತ ಬರೆದುಕೊಟ್ಟಿದ್ದೇನೆ. ಬ್ಯಾಟರಿ ಸೇರಿ ಬಾಡಿ 375 ಗ್ರಾಂ, ಕಿಂಡಿ ಇದೆ, ಮೊಬೈಲಿನ ಹಾಗೆ ಮುಟ್ಟಿದಲ್ಲಿ ಫೋಕಸ್ ಆಗುತ್ತದೆ, ಸ್ಕ್ರೀನು ಹೊರಳುತ್ತದೆ. ಅದಕ್ಕಿಂತ ಅಗ್ಗದ ಆರ್100 ಕೂಡ ಇದೆ, ಕಿಂಡಿಯೂ ಇದೆ, ಆದರೆ ಅದರ ಸ್ಕ್ರೀನು ಮುಟ್ಟಿದರೆ ಕೆಲಸ ಮಾಡಲ್ಲ, ಹೊರಳುವುದೂ ಇಲ್ಲ. ಹುಟ್ಟಿದಾಗಿನಿಂದ ಮೊಬೈಲ್ ಹಿಡಿದ ಹುಡುಗಿಗೆ ಅದು ಕಿರಿಕಿರಿ. ಇಷ್ಟೆಲ್ಲ ಹೇಳಿದ ಮೇಲೆ ಅಣ್ಣ ಮನೆಗೆ ಹೋಗಿ ಮಗಳನ್ನು ಕೇಳಿಕೊಂಡು ಬಂದರು. ಆರ್50 ಬಿಳಿ ಬಣ್ಣದಲ್ಲೂ ಬರುತ್ತದಂತೆ, ಆಕೆಗೆ ಬಿಳಿಯದೇ ಬೇಕಂತೆ, ಉಳಿದದ್ದು ನೀವೇ ನೋಡಿಕೊಳ್ಳಿ ಅಂದಳಂತೆ.