ಪುಣೆಗೆ ಕೆಲಸ ಹುಡುಕಿ ಬರುವ ಮುಂಚೆ ತಾಳೆ ನೋಡಿಕೊಳ್ಳಿ

ಪುಣೆಯ ಚಾಕಣ, ಭೋಸರಿ ಕಡೆಯ ಕಾರ್ಖಾನೆಗಳಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಸಂದರ್ಶನ ಅಂದರೆ ಎಷ್ಟೋ ಕಡೆ ಮೇಜಿನ ಮೇಲೆ ಒಂದು ವರ್ನಿಯರ್ (ಜಾರುವ ಸ್ಕೇಲಿನ ಅಳತೆ ಸಾಧನ), ಪಕ್ಕದಲ್ಲೊಂದು ಬುಷ್ (ಟೊಳ್ಳು ಕೊಳವೆಯಂಥ ಬಿಡಿಭಾಗ) ಇಟ್ಟಿರುತ್ತಾರೆ. "ಅಳೆದು ಹೇಳು" ಅಂತಾರೆ. ರೆಸ್ಯೂಮೆಯಲ್ಲಿ ವರ್ನಿಯರ್, ಮೈಕ್ರೋಮೀಟರ್, ಹೈಟ್ ಗೇಜ್ ಎಲ್ಲ ಗೊತ್ತು ಅಂತ ಬರೆದ ನಮ್ಮ ಕಡೆಯ ಡಿಪ್ಲೊಮಾ ಹುಡುಗರು ಅಲ್ಲಿಯೇ ನಿಂತುಬಿಡುತ್ತಾರೆ. ಓದಿದ್ದು ಮರೆತಿರುತ್ತದೆ, ಕೈಗೆ ರೂಢಿ ಇರುವುದಿಲ್ಲ. ಮುಂದಿನ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೂ ಆ ಹೊತ್ತಿಗೆ ನಂಬಿಕೆ ಹೋಗಿರುತ್ತದೆ.

ಮರೆತಿದ್ದರೆ ಇಲ್ಲಿಯೇ ನೋಡಿಕೊಳ್ಳಿ. ಮೊದಲು ಜಾ (ವಸ್ತುವನ್ನು ಹಿಡಿಯುವ ಎರಡು ದವಡೆ) ಮುಚ್ಚಿ, ಎರಡೂ ಸೊನ್ನೆಗಳು ಕೂಡುತ್ತವೆಯೇ ನೋಡಬೇಕು. ಕೂಡದಿದ್ದರೆ ಎಷ್ಟು ಜೀರೋ ಎರರ್ ಅಂತ ಬಾಯಿಬಿಟ್ಟು ಹೇಳಬೇಕು. ಕೇಳುವವರು ಕಾಯುತ್ತಿರುವುದೇ ಆ ಮಾತಿಗೆ. ವರ್ನಿಯರಿನ 50 ಮನೆ ಸೇರಿದರೆ ಮೇನ್ ಸ್ಕೇಲಿನ 49 ಮಿಮೀ, ಅಂದರೆ ಒಂದೊಂದು ಮನೆಯೂ 0.02 ಮಿಮೀ ಗಿಡ್ಡ. ಅದೇ ಲೀಸ್ಟ್ ಕೌಂಟ್, ಅಂದರೆ ಅದರಲ್ಲಿ ಓದಬಹುದಾದ ಅತಿ ಚಿಕ್ಕ ಅಳತೆ. ವರ್ನಿಯರಿನ ಸೊನ್ನೆ ಮೇನ್ ಸ್ಕೇಲಿನ 24 ದಾಟಿ, ವರ್ನಿಯರಿನ 17ನೇ ಗೆರೆ ಮೇನ್ ಸ್ಕೇಲಿನ ಗೆರೆಗೆ ಕೂಡಿದರೆ 24.34 ಮಿಮೀ. ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಪ್ಲಸ್ ಮೈನಸ್ 0.01 ಇದ್ದರೆ ಇದೇ ವರ್ನಿಯರ್ ಸಾಕೇ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಸಾಲದು, ಕನಿಷ್ಠ ಮೈಕ್ರೋಮೀಟರ್ ಬೇಕು. ಏಕೆ ಅಂತಲೂ ಹೇಳಲು ಬರಬೇಕು: ಈ ವರ್ನಿಯರ್ ಓದುವುದೇ 0.02ರ ಹೆಜ್ಜೆಯಲ್ಲಿ.

ಹಿಂಜವಡಿಯ ಸಾಫ್ಟ್‌ವೇರ್ ಕೆಲಸಕ್ಕೂ ಇದೇ ಮಾತು. ಜಾವಾ, ಪೈಥಾನ್, ಎಸ್‌ಕ್ಯೂಎಲ್, ಕ್ಲೌಡ್ ಅಂತ ಹತ್ತು ಹೆಸರು ಪೇರಿಸಿದರೆ ಹತ್ತರಲ್ಲಿ ಯಾವುದನ್ನು ಬೇಕಾದರೂ ಕೇಳುವ ಹಕ್ಕು ಅವರಿಗೆ ಬಂತು. ಎಸ್‌ಕ್ಯೂಎಲ್ ಅಂತ ಬರೆದವರಿಗೆ ಎರಡು ಟೇಬಲ್ ಕೂಡಿಸುವ ಲೆಫ್ಟ್ ಜಾಯಿನ್‌ಗೂ ಇನ್ನರ್ ಜಾಯಿನ್‌ಗೂ ಇರುವ ವ್ಯತ್ಯಾಸ ಕಾಗದದ ಮೇಲೆ ಬರೆದು ತೋರಿಸಲು ಬರಬೇಕು. ಬಾರದಿದ್ದರೆ ಆ ಹೆಸರು ತೆಗೆಯಿರಿ, ನಾಲ್ಕೇ ಉಳಿದರೂ ಚಿಂತೆಯಿಲ್ಲ.

ಆದರೆ ಸಂದರ್ಶನದ ತನಕ ಬರುವುದೇ ಕಷ್ಟವಾಗಿರುವವರು ರೆಸ್ಯೂಮೆಯ ಫೈಲನ್ನೇ ಒಮ್ಮೆ ಪರೀಕ್ಷಿಸಬೇಕು. ಪಿಡಿಎಫ್ ತೆರೆದು ಅಕ್ಷರಗಳ ಮೇಲೆ ಮೌಸ್ ಎಳೆಯಿರಿ. ಅಕ್ಷರ ಸೆಲೆಕ್ಟ್ ಆಗದಿದ್ದರೆ ಅದು ಬರೀ ಫೋಟೊ. ಕಂಪನಿಯ ಸಾಫ್ಟ್‌ವೇರು ಅದನ್ನು ಓದದೇ ಹೋಗಬಹುದು. ಸೆಲೆಕ್ಟ್ ಆದರೆ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಎರಡು ಕಾಲಮ್ಮಿನ ಚಂದದ ಟೆಂಪ್ಲೇಟುಗಳಲ್ಲಿ ಎಡಗಡೆಯ ಫೋನ್ ನಂಬರು ಬಲಗಡೆಯ ಕೆಲಸದ ವಿವರದ ನಡುವೆ ಹೋಗಿ ಕೂತಿರುವುದು ಆಗ ಕಾಣುತ್ತದೆ. ಒಂದೇ ಕಾಲಮ್, ಸಾದಾ ಅಕ್ಷರ, ಫ್ರೆಷರ್ ಆದರೆ ಒಂದೇ ಪುಟ. ಮೇಲಿನ ಸಾಲಿನಲ್ಲಿ "ಸವಾಲಿನ ಹುದ್ದೆ ಹುಡುಕುತ್ತಿರುವ ಶ್ರಮಜೀವಿ" ಎಂಬರ್ಥದ ಇಂಗ್ಲಿಷ್ ವಾಕ್ಯ ಬೇಡ, ಅದನ್ನು ಯಾರೂ ಸರ್ಚ್ ಮಾಡುವುದಿಲ್ಲ. "ಸಿಎನ್‌ಸಿ ಟರ್ನಿಂಗ್, ಫಾನಕ್, 2 ವರ್ಷ" ಎಂದು ಯಂತ್ರದ ಕೆಲಸ, ಕಂಟ್ರೋಲರಿನ ಹೆಸರು, ಅನುಭವ ಬರೆದರೆ ಮಾಡುತ್ತಾರೆ.

ಇನ್ನು ಹೆಸರು. ಇದು ಕರ್ನಾಟಕದಿಂದ ಬರುವವರಿಗೆ ಕಾಡುವ ತೊಂದರೆ, ಬಹಳ ಜನಕ್ಕೆ ಆಫರ್ ಬಂದ ಮೇಲೆ ಅರಿವಾಗುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದೋ ಎರಡೋ ಇನಿಶಿಯಲ್ ಇರುತ್ತದೆ. ಆಧಾರಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ. ಪ್ಯಾನಿನಲ್ಲಿ ಮತ್ತೊಂದು ಥರ. ಮಹಾರಾಷ್ಟ್ರದಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ಭಾಗವಾಗಿ ಬರೆಯುವುದು ರೂಢಿ, ಫಾರ್ಮಿನಲ್ಲಿ ಮೂರು ಮನೆ ಇರುತ್ತದೆ. ಅಲ್ಲಿ ಗಾಬರಿಯಾಗಿ ಇನ್ನೊಂದು ಥರ ತುಂಬಿದರೆ ಒಬ್ಬರಿಗೇ ನಾಲ್ಕು ಹೆಸರಾಯಿತು. ಬ್ಯಾಕ್‌ಗ್ರೌಂಡ್ ಪರಿಶೀಲನೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಪಿಎಫ್‌ನ ಯುಎಎನ್ (ಪಿಎಫ್ ಖಾತೆಯ ಗುರುತಿನ ಸಂಖ್ಯೆ) ಆಧಾರಿಗೆ ಕೂಡುವುದಿಲ್ಲ. ಊರು ಬಿಡುವ ಮೊದಲೇ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಒಂದೇ ಹೆಸರಿಗೆ ತನ್ನಿ. ಅಂಕಪಟ್ಟಿಯಲ್ಲಿ ಬೇರೆ ಇದ್ದರೆ ನೋಟರಿಯಿಂದ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಹಿಂದೆ ಕೆಲಸ ಮಾಡಿದವರಿಗೆ ತಾರೀಖಿನ ತಾಳೆಯೂ ಬೇಕು. ಮೂರು ತಿಂಗಳ ಖಾಲಿ ಅವಧಿ ಮುಚ್ಚಲು ಹಳೆಯ ಕಂಪನಿಯ ತಾರೀಖನ್ನು ಎಳೆದು ಬರೆಯುತ್ತಾರೆ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ದಾಖಲೆಯಲ್ಲಿ ಸೇರಿದ, ಬಿಟ್ಟ ತಾರೀಖು ಎರಡೂ ಇರುತ್ತವೆ, ಎಳೆದದ್ದು ಗೊತ್ತಾಗುತ್ತದೆ. "ಮೂರು ತಿಂಗಳು ಕೆಲಸ ಇರಲಿಲ್ಲ" ಅಂದರೆ ಕೆಲಸ ಹೋಗುವುದು ಕಡಿಮೆ, ಸುಳ್ಳು ಸಿಕ್ಕರೆ ಕೊಟ್ಟ ಆಫರ್ ಕೂಡ ವಾಪಸಾಗುತ್ತದೆ. ಹಳೆಯ ಕಂಪನಿ ಬಿಟ್ಟ ತಾರೀಖು ಹಾಕಿಯೇ ಇಲ್ಲದಿದ್ದರೆ, ಕೊನೆಯ ಪಿಎಫ್ ವಂತಿಗೆಯಾಗಿ ಎರಡು ತಿಂಗಳ ನಂತರ ಪೋರ್ಟಲಿನಲ್ಲಿ ನೀವೇ ಹಾಕಬಹುದು.

ಫೋನಿನಲ್ಲಿ "ಈಗ ಎಲ್ಲಿದ್ದೀರಿ?" ಎಂದರೆ ಊರಿನಲ್ಲಿದ್ದುಕೊಂಡು ಪುಣೆ ಅನ್ನಬೇಡಿ. ನಾಳೆ ಹತ್ತಕ್ಕೆ ಬನ್ನಿ ಅಂದುಬಿಡುತ್ತಾರೆ. "ಬೆಳಗಾವಿಯಲ್ಲಿದ್ದೇನೆ, ನಾಡಿದ್ದು ಬೆಳಿಗ್ಗೆ ನಿಮ್ಮ ಗೇಟಿನಲ್ಲಿರುತ್ತೇನೆ" ಎಂಬ ಖಚಿತ ಮಾತಿಗೆ ಬೆಲೆಯಿದೆ. ವಿಳಾಸ ಕೇಳುವಾಗ ಚಾಕಣ ಅಂತ ಬರೆದುಕೊಂಡರೆ ಸಾಲದು: ಊರಿನ ಹೆಸರು, ಗಟ್ ನಂಬರ್ (ನಮ್ಮ ಸರ್ವೆ ನಂಬರಿನಂಥದ್ದು) ಬೇಕು. ಮಹಾಳುಂಗೆ, ನಿಘೋಜೆ, ಖರಾಬವಾಡಿ ಎಲ್ಲಕ್ಕೂ ಜನ ಚಾಕಣ ಅಂತಲೇ ಅನ್ನುತ್ತಾರೆ. ಹಿಂಜವಡಿ ಆದರೆ ಫೇಸ್ ಎಷ್ಟು ಅಂತ ಕೇಳಿ. ಒಂದರಿಂದ ಮೂರಕ್ಕೆ ಬೆಳಗಿನ ಟ್ರಾಫಿಕ್ಕಿನಲ್ಲಿ ಹೋಗಲು ಹೊತ್ತು ಹಿಡಿಯುತ್ತದೆ. ಮರಾಠಿ ಬಾರದು ಅಂತ ಅಂಜಬೇಕಿಲ್ಲ. ಪಾಳಿಗೆ ಅವರೂ ಪಾಳಿಯೇ ಅನ್ನುತ್ತಾರೆ, ಉಳಿದದ್ದು ಎರಡು ತಿಂಗಳಲ್ಲಿ ಬರುತ್ತದೆ.

ಸಂಬಳದ ಮಾತು ಕೊನೆಗೆ ಬಂದರೂ ಲೆಕ್ಕ ಮೊದಲೇ ಮಾಡಿಕೊಂಡಿರಬೇಕು. ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 3 ಲಕ್ಷ ಅಂದರೆ ತಿಂಗಳಿಗೆ 25,000. ಬೇಸಿಕ್ 12,500 ಅಂದುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ ಬೇಸಿಕ್ಕಿನ ಶೇ. 12 ಅಂದರೆ 1,500, ಗ್ರಾಚುಟಿ ಶೇ. 4.81 ಅಂದರೆ ಸುಮಾರು 601, ಎರಡೂ ಆ 25,000ದ ಒಳಗೇ ಸೇರಿರುತ್ತವೆ. ನಿಮ್ಮ ಪಾಲಿನ ಪಿಎಫ್ 1,500, ಗಂಡಸರಿಗೆ ಮಹಾರಾಷ್ಟ್ರದ ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ 300. ಕೈಗೆ ಬರುವುದು 21,199. ಇದನ್ನು ತಿಳಿಯದೆ ಸಂದರ್ಶನದಲ್ಲಿ ಹೂಂ ಅಂದು, ಆಫರ್ ಬಂದ ಮೇಲೆ ಎರಡು ಸಾವಿರ ಜಾಸ್ತಿ ಕೊಡಿ ಅಂದವರ ಜಾಗಕ್ಕೆ ಪಟ್ಟಿಯಲ್ಲಿ ಎರಡನೆಯವರನ್ನು ಕರೆಯುತ್ತಾರೆ. ರೂಮಿನ ಬಾಡಿಗೆ, ಮೆಸ್ಸು, ಮನೆಗೆ ಕಳಿಸುವ ದುಡ್ಡು ಎಲ್ಲವನ್ನೂ ಕೈಗೆ ಬರುವ ಮೊತ್ತದಲ್ಲಿ ಕೂಡಿಸಿ ಕಳೆದು, ಆಮೇಲೆ ನಿಮ್ಮ ಸಂಖ್ಯೆ ಹೇಳಿ.