ನಿಂಟೆಂಡೋನೋ ಸೆಗಾನೋ ಅಂತ ಕೇಳುವವರಿಗೆ

"ಸಾರ್, ಹಳೇ ಟಿ.ವಿ. ಗೇಮ್ ಕನ್ಸೋಲಿಗೆ ಆಟ ಬರೆಯೋದಾದ್ರೆ ನಿಂಟೆಂಡೋ ಬೆಸ್ಟೋ, ಸೆಗಾ ಬೆಸ್ಟೋ? ಒಂದೇ ಮಾತಲ್ಲಿ ಹೇಳಿ."

ಒಂದೇ ಮಾತು ತಾನೇ? ಸೆಗಾ. ಹೋಗಿ ಬನ್ನಿ.

ಅಷ್ಟಕ್ಕೇ ಬಿಡುವವರಾಗಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಚಿಕ್ಕಮಗಳೂರಿನ ಒಂದು ಛತ್ರದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಹುಡುಗ, ಇಂಜಿನಿಯರಿಂಗ್ ಮೂರನೇ ವರ್ಷ, ಇದನ್ನೇ ಕೇಳಿದ. ಸಾರು ಬಂದಾಗ ಶುರು ಮಾಡಿದವನು ಪಾಯಸ ಬರುವವರೆಗೂ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಆದ್ರೆ ಈಗೆಲ್ಲಾ ಯೂನಿಟಿ ಅಲ್ವಾ ಸಾರ್?" ಅಂದ. (ಇವತ್ತಿನ ಆಟಗಳನ್ನು ಮಾಡುವ ಸಾಫ್ಟ್‌ವೇರ್ ಅದು.) ಮಜ್ಜಿಗೆಗೂ ಕಾಯದೆ ಎದ್ದೆ. ಎರಡನೇ ಸಲದ ಪಾಯಸ ತಪ್ಪಿದ್ದು ಅವನಿಂದಲೇ.

ಅವನಿಗೆ ಹೇಳಿದ್ದು ಇಷ್ಟು. ಸೆಗಾದ ಕನ್ಸೋಲ್ ಮೆಗಾ ಡ್ರೈವ್‌ಗೆ ಎಸ್‌ಜಿಡಿಕೆ ಅಂತ ಆಟ ಬರೆಯುವ ಉಚಿತ ಸಾಫ್ಟ್‌ವೇರ್ ಕಿಟ್ ಇದೆ. ಸಿ ಭಾಷೆಯಲ್ಲಿ ಬರೆಯಬಹುದು. ಪಿಎನ್‌ಜಿ ಚಿತ್ರ ಕೊಟ್ಟರೆ ಕನ್ಸೋಲಿಗೆ ಬೇಕಾದ ಹಾಗೆ ಅದೇ ಬದಲಾಯಿಸಿಕೊಳ್ಳುತ್ತೆ. ಒಳಗಿರುವ 68000 ಪ್ರೊಸೆಸರ್‌ಗೂ ಸಿಗೂ ಚೆನ್ನಾಗಿ ಹೊಂದುತ್ತೆ, ರ‍್ಯಾಮ್ 64 ಕೆಬಿ. ನಿಂಟೆಂಡೋದ ಎನ್‌ಇಎಸ್‌ಗೂ ಸಿಯಲ್ಲಿ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಿಸಿ65 ಅನ್ನೋ ಕಂಪೈಲರ್ ಉಂಟು. ಆದರೆ ರ‍್ಯಾಮ್ 2 ಕೆಬಿ, ಫಂಕ್ಷನ್‌ಗಳು ತಾತ್ಕಾಲಿಕ ಲೆಕ್ಕ ಇಡುವ ಸ್ಟ್ಯಾಕ್ ಬರೀ 256 ಬೈಟ್. ಕಾಲೇಜಿನಲ್ಲಿ ಕಲಿತ ಹಾಗೆ ಫಂಕ್ಷನ್ ಒಳಗೆ ಲೋಕಲ್ ವೇರಿಯಬಲ್ ಇಟ್ಟು ಬರೆದರೆ ಆಟ ತೆವಳುತ್ತೆ. ಎಲ್ಲವನ್ನೂ ಗ್ಲೋಬಲ್ ಮಾಡಿ, ಅದೂ ಸಾಲದೆ ಪ್ರೊಸೆಸರ್‌ನದೇ ಮಾತಾದ ಅಸೆಂಬ್ಲಿ ಭಾಷೆಗೆ ಶರಣು ಹೋಗಬೇಕು. ಅಷ್ಟಕ್ಕೂ ಜಪಾನಿನಲ್ಲಿ ಎನ್‌ಇಎಸ್ ಬಂದದ್ದು 1983ರಲ್ಲಿ, ಮೆಗಾ ಡ್ರೈವ್ 1988ರಲ್ಲಿ. ಸೆಗಾಕ್ಕೆ ಸರಿಜೋಡಿ 1990ರ ಸೂಪರ್ ನಿಂಟೆಂಡೋ. ಅದನ್ನು ಯಾರೂ ಕೇಳಲ್ಲ.

"ಮತ್ತೆ ನೀವ್ಯಾಕೆ ನಿಂಟೆಂಡೋಗೆ ಬರೀತೀರಿ?" ಚಿಕ್ಕವನಿದ್ದಾಗ ಮನೆಯಲ್ಲಿದ್ದ ಟಿ.ವಿ. ಗೇಮ್ ಅದರದ್ದೇ ನಕಲು. ಡಬ್ಬಿ ಮೇಲೆ 9999 ಆಟ, ಒಳಗೆ ಹದಿನೈದೋ ಇಪ್ಪತ್ತೋ. ಸಾಕಾ?

ನಾನು ಮಾಡಿದ ಆಟ ಯಾವುದು ಅಂತ ಮಾತ್ರ ಒಬ್ಬರೂ ಕೇಳಿಲ್ಲ. ನಾನೇ ಹೇಳ್ತೀನಿ. ಮಳೆಗಾಲದ ಕಾಫಿ ತೋಟ, ಒಬ್ಬ ಆಳು, ನೆಲದ ತುಂಬ ರಕ್ತ ಹೀರುವ ಇಂಬಳ. ಎನ್‌ಇಎಸ್‌ನಲ್ಲಿ ಪರದೆಯ ಒಂದು ಅಡ್ಡಗೆರೆಗೆ ಎಂಟೇ ಸ್ಪ್ರೈಟ್, ಅಂದರೆ ಓಡಾಡುವ ಪುಟ್ಟ ಚಿತ್ರದ ತುಂಡು. ಆಳಿನ ಅಗಲಕ್ಕೆ ಎರಡು ಹೋಯಿತು, ಇಂಬಳಕ್ಕೆ ಒಂದೊಂದು. ಹಾಗಾಗಿ ಆರು ಇಂಬಳ ಕಾಣುತ್ತೆ. ಏಳನೆಯದು ಕೋಡ್‌ನಲ್ಲಿರುತ್ತೆ, ಪರದೆ ಮೇಲಿರಲ್ಲ, ಬಂದು ಕಚ್ಚುತ್ತೆ. ಸೆಗಾದಲ್ಲಾದರೆ ಗೆರೆಗೆ 20ರವರೆಗೂ ಸಿಗುತ್ತೆ, ಈ ರಗಳೆಯೇ ಇಲ್ಲ. ಪ್ರತಿ ಫ್ರೇಮಿಗೂ ಸ್ಪ್ರೈಟುಗಳ ಸರದಿ ಬದಲಿಸಿದರೆ ಏಳೂ ಮಿಣುಕುತ್ತಾ ಕಾಣುತ್ತವೆ. ಎರಡು ವಾರ ಕೂತು ಅದನ್ನೂ ಮಾಡಿದೆ. ಆಮೇಲೆ ಕಿತ್ತುಹಾಕಿದೆ. ಕಾಲಿಗೆ ಹತ್ತುವ ಮುಂಚೆಯೇ ಕಂಡುಬಿಟ್ಟರೆ ಅದೆಂಥ ಇಂಬಳ?

ಅಮ್ಮನಿಗೆ ತೋರಿಸಿದೆ. ನಿಂಟೆಂಡೋನಾ ಸೆಗಾನಾ ಅಂತ ಕೇಳಲಿಲ್ಲ. ಕನ್ನಡಕ ಏರಿಸಿಕೊಂಡು ಆಳನ್ನೇ ಸ್ವಲ್ಪ ಹೊತ್ತು ನೋಡಿ, "ಇವನ ಸುಣ್ಣದ ಡಬ್ಬಿ ಎಲ್ಲೋ?" ಅಂದಳು.

ಡಬ್ಬಿ ಕೊಟ್ಟಿದ್ದೀನಿ. ಬಿ ಬಟನ್ ಒತ್ತಿದರೆ ಇಂಬಳ ಬಿಡಿಸೋಕೆ ಸುಣ್ಣ ಹಚ್ಚುತ್ತಾನೆ. ಡಬ್ಬಿಗೂ ಒಂದು ಸ್ಪ್ರೈಟ್ ಹೋಗಿ ಈಗ ಆರನೇ ಇಂಬಳವೂ ಕಾಣಲ್ಲ.