ಆಸ್ಪೆಂಡೋಸ್‌ನಲ್ಲಿ ಒಬ್ಬರು ಕಮ್ಮಿ

ಟರ್ಕಿಯ ಸಿದೆಗೆ ಗ್ರೂಪ್ ಕರೆದುಕೊಂಡು ಹೋದಾಗೆಲ್ಲ ನಮ್ಮ ಐಟಿನರಿ ಒಂದೇ. ಬೆಳಿಗ್ಗೆ ಆಸ್ಪೆಂಡೋಸ್ ಅನ್ನುವ ಪಾಳು ಊರಿನ ರೋಮನ್ ಕಾಲದ ಬಯಲು ಥಿಯೇಟರ್, ಆಮೇಲೆ ಲೆದರ್ ಶೋರೂಮ್, ಸಂಜೆ ಸಿದೆಯ ಸಮುದ್ರದಂಚಿನ ಅಪೋಲೋ ಗುಡಿಯ ಕಂಬಗಳು. ಎರಡನೇ ಶತಮಾನದ, ರಂಗದ ಹಿಂಗೋಡೆ ಇವತ್ತಿಗೂ ಪೂರ್ತಿ ಎತ್ತರಕ್ಕೆ ನಿಂತಿರುವ ಥಿಯೇಟರಿಗೆ ಮುಕ್ಕಾಲು ಗಂಟೆ. ಶೋರೂಮಿಗೆ ಅದರ ಎರಡರಷ್ಟು. ನನಗೆ ಇದು ಸಹಿಸೋಕೆ ಆಗುವುದಿಲ್ಲ.

ಜುಲೈ ತಿಂಗಳ ಒಂದು ದಿನ, ಕೋಚ್‌ನಲ್ಲಿ ಹೆಡ್ ಕೌಂಟ್ ಮಾಡಿದರೆ ಒಬ್ಬರು ಕಮ್ಮಿ. ನೀರಾವರಿ ಇಲಾಖೆಯಿಂದ ರಿಟೈರ್ ಆದ ಇಂಜಿನಿಯರ್, ಎಪ್ಪತ್ತು ದಾಟಿದವರು. ಫೋನ್ ರಿಂಗ್ ಆಗ್ತಾ ಇದೆ, ಎತ್ತುತ್ತಿಲ್ಲ. ಮೇಲಿನ ಕಮಾನುಗಳ ಸಾಲಿಗೆ ಹತ್ತಿ ತಲೆ ಸುತ್ತಿ ಬಿದ್ದಿದ್ದಾರೆ ಅಂತಲೇ ನನ್ನ ಲೆಕ್ಕ. ಆ ಮೆಟ್ಟಿಲುಗಳು ಅಷ್ಟು ಕಡಿದು, ನೆರಳೇ ಇಲ್ಲ. ಲೋಕಲ್ ಗೈಡ್ ಕೆಳಗೆ, ನಾನು ಮೇಲೆ, ಒಂದೊಂದು ಕಮಾನಿನ ಹಿಂದೆಯೂ ನೋಡಿದೆವು. ಟಾಯ್ಲೆಟ್, ಅಂಗಡಿ, ಗೇಟು, ಎಲ್ಲೂ ಇಲ್ಲ. ಬಾಯಿ ಒಣಗಿ ಹೋಗಿತ್ತು. ಆಫೀಸಿಗೆ ಫೋನ್ ಮಾಡಿದರೆ "ಶೋರೂಮಿಗೆ ಲೇಟ್ ಆಗ್ತಿದೆ ಅಲ್ವಾ?" ಅಂದರು.

ಕೊನೆಗೆ ಇಂಜಿನಿಯರ್ ಅವರ ಹೆಂಡತಿಯನ್ನು ಕೇಳಿದೆ. "ನೀರಿನ ಕಾಲುವೆ ಎಲ್ಲಿ ಅಂತ ಬೆಳಿಗ್ಗೆಯಿಂದ ಕೇಳ್ತಿದ್ರಪ್ಪಾ" ಅಂದರು. ಮೊದಲು ಕೇಳಬೇಕಾಗಿದ್ದೇ ಅವರನ್ನು.

ಥಿಯೇಟರಿನ ಪಕ್ಕದ ದಾರಿಯಲ್ಲಿ ಗುಡ್ಡ ಹತ್ತಿ ಓಡಿದೆ. ಹಳೇ ಊರಿನ ಪಾಳು ಗೋಡೆಗಳನ್ನು ದಾಟಿ, ಉತ್ತರದ ಅಂಚಿನಲ್ಲಿ ಸರ್ ಕೂತಿದ್ದರು. ಪೂರ್ತಿ ಆರಾಮಾಗಿದ್ದರು. ಫೋನ್ ಸೈಲೆಂಟ್‌ನಲ್ಲಿತ್ತು. ಎದುರು ಬಯಲಿನಲ್ಲಿ ರೋಮನ್ನರ ಕಮಾನು ಕಾಲುವೆ, ಎರಡು ದೊಡ್ಡ ಗೋಪುರ. ಬೈಯಬೇಕು ಅಂತಲೇ ಬಂದಿದ್ದೆ. ಅವರು ಕೈ ತೋರಿಸಿ ವಿವರಿಸೋಕೆ ಶುರು ಮಾಡಿದರು. ಆ ಬೆಟ್ಟದಿಂದ ಬಂದ ನೀರು ಕಲ್ಲಿನ ಪೈಪಿನೊಳಗೆ ಇಳಿದು, ಬಯಲು ದಾಟಿ, ತನ್ನದೇ ಒತ್ತಡದಲ್ಲಿ ಈ ಗುಡ್ಡಕ್ಕೆ ಹತ್ತುತ್ತಿತ್ತು. ಪಂಪ್ ಇಲ್ಲ, ಏನಿಲ್ಲ. ಪೈಪ್‌ಲೈನ್ ತಿರುಗುವ ಜಾಗದಲ್ಲೇ ಆ ಗೋಪುರಗಳು. ಅಷ್ಟು ಸಲ ಬಂದಿದ್ದರೂ ನಾನು ಆ ಗುಡ್ಡ ಹತ್ತಿರಲಿಲ್ಲ.

ಶೋರೂಮಿಗೆ ಅವತ್ತು ಅರ್ಧ ಗಂಟೆಯೂ ಸಿಗಲಿಲ್ಲ. ಗ್ರೂಪಿನವರು ಒಬ್ಬರೂ ಕಂಪ್ಲೇಂಟ್ ಮಾಡಲಿಲ್ಲ, ಮಾಡಿದ್ದು ಆಫೀಸು. ಕಾಲುವೆಯನ್ನು ಐಟಿನರಿಗೆ ಸೇರಿಸಿ ಅಂತ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಈಗ ಮೊದಲ ರಾತ್ರಿ ಊಟದ ಹೊತ್ತಿಗೇ ಎಲ್ಲರನ್ನೂ "ನೀವು ಏನು ನೋಡೋಕೆ ಬಂದಿದ್ದೀರಿ?" ಅಂತ ಕೇಳಿ, ಯಾರಿಗೆ ಯಾವ ರೂಮು ಅಂತ ಇರುವ ರೂಮಿಂಗ್ ಲಿಸ್ಟಿನಲ್ಲಿ ಅವರ ಹೆಸರಿನ ಮುಂದೆ ಬರೆದುಕೊಳ್ಳುತ್ತೇನೆ.